ಒಂಬತ್ತನೆಯ ಪಾಠದ ನಾಲ್ಕು ನಿಮಿಷ

೪ ಫೆಬ್ರವರಿ, ಸೋಮವಾರ

ಮೊನ್ನೆಯ ಪುಟದಲ್ಲಿ ಒಂದು ತಪ್ಪು ನುಸುಳಿದೆ. ಮೊದಲು ಅದನ್ನು ತಿದ್ದಬೇಕು. ‘ನಾದಿನಿ ತಂದುಕೊಟ್ಟ ಪ್ಲೇಯರು ಕೆಟ್ಟಿರುವುದರಿಂದ ಸಿ.ಡಿ.ಯನ್ನು ಕೇಳಲಾಗಲಿಲ್ಲ’ ಎಂದು ಬರೆದಿದ್ದೇನೆ. ಪ್ಲೇಯರು ಕೆಟ್ಟಿಲ್ಲ. ಈ ದಿನ ಅದರಲ್ಲಿ ಬೇರೆ ಮೂರು ಸಿ.ಡಿ.ಗಳನ್ನು ಹಾಕಿ ನೋಡಿದೆ. ಮೂರೂ ಸರಾಗವಾಗಿ ಹಾಡಿದವು. ನಮ್ಮದು ಮಾತ್ರ ಒಳಗೆ ಗಿರ್ರೆಂದು ಸುತ್ತಿ, ಎರಡು ಬಾರಿ ಕೆಮ್ಮಿದಂತೆ ಸದ್ದು ಮಾಡಿ ನಿಂತಿತು. ಆದ್ದರಿಂದ ದೋಷ ಸಿ.ಡಿ.ಯದು. ನಿರ್ಜೀವ ವಸ್ತುವಿನ ಮೇಲೂ ಸುಳ್ಳು ಆರೋಪ ದಾಖಲಾಗಬಾರದು.

ವಿವರ ಪೂರ್ಣವಾಗಿರಲೆಂದು ಬರೆಯುತ್ತೇನೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಓದಿ, ಧ್ವನಿಮುದ್ರಿಸಿ ಕೊಡುವ ಓದುಮನೆಯೊಂದು ಈ ಊರಿನಲ್ಲಿತ್ತು. ನನ್ನಾಕೆ ಅಲ್ಲಿ ಆರು ವರ್ಷ ಓದಿದಳು. ನಾನು ಬರೆದುಕೊಟ್ಟ ವಿಜ್ಞಾನದ ಪಾಠಗಳಲ್ಲಿ ಒಂಬತ್ತನೆಯದಾದ ‘ಲೇಸರ್: ಶಿಸ್ತಿನ ಬೆಳಕು’ ಆಕೆ ಓದಿದ ಕೊನೆಯ ಪಾಠ. ಅದರ ಒಂದು ಪ್ರತಿಯನ್ನು ಮನೆಗೆ ತಂದಿದ್ದಳು. ಮರುವರ್ಷ ಆಕೆ ಹೋದಳು. ಓದುಮನೆಯೂ ಮುಚ್ಚಿತು, ಅದರ ಕಂಪ್ಯೂಟರುಗಳು ಗುಜರಿಗೆ ಸೇರಿದವು. ಮಾತು ಹಿಡಿದಿಡುವ ಫೋನು ಆಗ ನಮ್ಮಲ್ಲಿರಲಿಲ್ಲ. ಆಕೆಯ ದನಿ ಎಲ್ಲಾದರೂ ಉಳಿದಿದ್ದರೆ ಈ ತಟ್ಟೆಯಲ್ಲಿ ಮಾತ್ರ.

ಹತ್ತು ವರ್ಷ ಅದನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ಈಚೆಗೆ ಒಂದು ಸಂಗತಿ ಗಮನಕ್ಕೆ ಬಂದಿದೆ. ಆಕೆಯನ್ನು ನೆನೆದರೆ ಆಡಿದ ಮಾತುಗಳು ನೆನಪಾಗುತ್ತವೆ; ದನಿ ನೆನಪಾಗುವುದಿಲ್ಲ. ಮಾತುಗಳೆಲ್ಲ ನನ್ನ ದನಿಯಲ್ಲೇ ಕೇಳಿಸುತ್ತವೆ.

ಸಂಜೆ ೬ ಗಂಟೆ ೪೦ ನಿಮಿಷ.

೫ ಫೆಬ್ರವರಿ, ಮಂಗಳವಾರ

ನಾದಿನಿ ಬೆಳಗ್ಗೆಯೇ ಬಂದಳು. ನಾನು ಸಿ.ಡಿ.ಯನ್ನು ಒರೆಸುತ್ತಿದ್ದುದನ್ನು ಕಂಡು, “ಭಾವ, ಕೊಡಿ ಇಲ್ಲಿ. ಇನ್ನೊಂಚೂರು ಉಜ್ಜಿದ್ರೆ ಮುಖ ಕಾಣತ್ತೆ, ದನಿ ಬರಲ್ಲ” ಎಂದು ಕಿತ್ತುಕೊಂಡಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಛತ್ರಿ ರಿಪೇರಿಯವನಿಗೂ ಬೀಗದ ಕೀಲಿ ಮಾಡುವವನಿಗೂ ನಡುವೆ, ಕೆಟ್ಟ ಕಂಪ್ಯೂಟರುಗಳಿಂದ ಕಳೆದುಹೋದ ಫೋಟೊ, ಕಾಗದಪತ್ರಗಳನ್ನು ಹೊರತೆಗೆದು ಕೊಡುವ ಹುಡುಗಿಯೊಬ್ಬಳಿದ್ದಾಳೆ. ಓಣಿಯವರೆಲ್ಲ ಅವಳನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ಅಂಗಡಿಯ ಫಲಕದಲ್ಲಿ ಮೂರು ತಪ್ಪುಗಳಿದ್ದವು, ಎರಡನ್ನು ಹೇಳಿದೆ. ಅಷ್ಟರಲ್ಲಿ ನಾದಿನಿ ನನ್ನ ತೋಳು ಚಿವುಟಿದಳು.

ಹುಡುಗಿ ಬಿಚ್ಚಿಟ್ಟ ಒಂದು ಯಂತ್ರವನ್ನು ತೋರಿಸಿ ವಿವರಿಸಿದಳು. “ಈ ಗಾಜಿನ ಹಿಂದೆ ಸಾಸಿವೆಯಷ್ಟು ಒಂದು ಲೇಸರ್ ಇದೆ ಸಾರ್. ಅದರ ಬೆಳಕು ತಟ್ಟೆಗೆ ಬಡಿದು ವಾಪಸ್ ಬರಬೇಕು. ಒಂದು ಕಡೆ ಚೆನ್ನಾಗಿ ವಾಪಸ್ ಬರತ್ತೆ, ಇನ್ನೊಂದು ಕಡೆ ಮಂಕಾಗತ್ತೆ. ಬಂತು, ಬರಲಿಲ್ಲ, ಬಂತು, ಬರಲಿಲ್ಲ. ಅದನ್ನೇ ಜೋಡಿಸಿಕೊಂಡು ಮಾತು ಮಾಡತ್ತೆ.”

“ಗೊತ್ತು. ಅದು ಕೆಂಪು ಕಿರಣ. ನಾನೇ ಪಾಠ ಬರೆದಿದ್ದೇನೆ” ಎಂದೆ.

“ಇದು ಕೆಂಪಲ್ಲ ಸಾರ್, ಕೆಂಪಿನಾಚೆದು. ಕಣ್ಣಿಗೆ ಕಾಣಲ್ಲ. ಕಾಣಲ್ಲ ಅಂತ ಇಣುಕಬೇಡಿ, ಕಣ್ಣು ಹೋಗತ್ತೆ.”

ಮನೆಗೆ ಬಂದು ಪರಿಶೀಲಿಸಿದೆ. ಹುಡುಗಿ ಹೇಳಿದ್ದು ಸರಿ. ನನ್ನ ಹಸ್ತಪ್ರತಿಯ ಏಳನೆಯ ಪುಟದಲ್ಲಿ ‘ಕೆಂಪು’ ಎಂದಿದೆ. ಹತ್ತು ವರ್ಷ ಆ ತಪ್ಪು ಹಾಗೆಯೇ ಉಳಿದಿತ್ತಲ್ಲ ಎಂದು ಬಹಳ ಹೊತ್ತು ಕಸಿವಿಸಿಯಾಯಿತು.

ಸಂಜೆ ೭ ಗಂಟೆ ೫ ನಿಮಿಷ.

೮ ಫೆಬ್ರವರಿ, ಶುಕ್ರವಾರ

ಹುಡುಗಿ ಬರಹೇಳಿದ್ದಳು. ಸಿ.ಡಿ.ಯನ್ನು ಮೇಜಿನ ದೀಪಕ್ಕೆ ಅಡ್ಡ ಹಿಡಿದು, “ಇಲ್ಲಿ ನೋಡಿ ಸಾರ್” ಎಂದಳು. ಬೆಳ್ಳಿಯ ಮೈಯಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿಬರುತ್ತಿತ್ತು. ಆ ಚುಕ್ಕಿಗಳು ಸಾಲುಗಟ್ಟಿ ಏಳರ ಅಂಕಿಯಾಗಿದ್ದವು.

“ಎಲ್ಲರೂ ಕೆಳಗಿನ ಮೈಯನ್ನೇ ಜೋಪಾನ ಮಾಡ್ತಾರೆ. ಬೆಳ್ಳಿ ಪದರ ಇರೋದು ಮೇಲೆ, ಹೆಸರು ಬರಿತೀವಲ್ಲ, ಅದರ ಕೆಳಗೇ. ಅಲ್ಲಿ ಮೆತ್ತಗಿನ ಮಾರ್ಕರ್‌ನಲ್ಲೇ ಬರಿಬೇಕು. ಮೊದಲು ಬರೆದೋರು ಸರಿಯಾಗೇ ಬರೆದಿದಾರೆ. ಆಮೇಲೆ ಯಾರೋ ತಾರೀಕನ್ನ ಬಾಲ್‌ಪೆನ್ನಲ್ಲಿ ಹೊಡೆದು ಹಾಕಿ, ಮೇಲೆ ಒತ್ತಿ ಬೇರೆ ಬರೆದಿದಾರೆ. ಆ ಗೀರಿನ ಸುತ್ತ ಈಗ ಪದರವೇ ಎದ್ದುಬಿಟ್ಟಿದೆ. ಲೇಸರ್ ಬೆಳಕು ಹೋಗತ್ತೆ, ವಾಪಸ್ ಬರೋದಕ್ಕೆ ಅಲ್ಲಿ ಏನೂ ಇಲ್ಲ.” ಅವಳು ನಕ್ಕು, “ಯಾರೋ ಮೇಷ್ಟ್ರು ಪರೀಕ್ಷೆ ಪೇಪರ್ ತಿದ್ದಿದ ಹಾಗಿದೆ” ಎಂದಳು.

ಓದುಮನೆಯ ಗುಮಾಸ್ತನ ಕೆಲಸವಿರಬೇಕು ಎಂದೆ.

ಸಂಜೆ ೫ ಗಂಟೆ ೩೦ ನಿಮಿಷ.

೯ ಫೆಬ್ರವರಿ, ಶನಿವಾರ

ನಿನ್ನೆಯ ಪುಟದ ಕೊನೆಯ ವಾಕ್ಯ ಸುಳ್ಳು. ಗುಮಾಸ್ತನಲ್ಲ. ಆ ಏಳರ ಕೊಕ್ಕೆ ನನ್ನದು. ಅದನ್ನು ಮೂವತ್ನಾಲ್ಕು ವರ್ಷ ಹಾಜರಿ ಪುಸ್ತಕದಲ್ಲಿ ಬರೆದಿದ್ದೇನೆ.

ಆ ಸಂಜೆ ಆಕೆ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಸಿ.ಡಿ.ಯನ್ನು ನನ್ನ ಮುಂದಿಟ್ಟಳು. “ಇದೊಂದನ್ನ ಕೇಳ್ರಿ. ಪೂರ್ತಿ ಕೇಳಬೇಕು, ಮಧ್ಯದಲ್ಲಿ ಎದ್ದು ಹೋಗಬಾರದು” ಎಂದಳು. ನಾನು ಕೈಗೆತ್ತಿಕೊಂಡೆ. ಧ್ವನಿಮುದ್ರಣ ನಡೆದದ್ದು ಹದಿನೇಳರಂದು. ಆಕೆ ಹದಿನೆಂಟೆಂದು ಬರೆದಿದ್ದಳು. ಜೇಬಿನಲ್ಲಿದ್ದ ಪೆನ್ನಿನಿಂದ ಹೊಡೆದುಹಾಕಿ ಸರಿಪಡಿಸಿದೆ. ತಾರೀಕಿನ ವಿಷಯದಲ್ಲಿ ಎಚ್ಚರ ಬೇಕೆಂದೂ ಹೇಳಿದೆ. ಪಾಠ ನಾನೇ ಬರೆದದ್ದು, ಅದರಲ್ಲಿ ಕೇಳುವಂಥದ್ದು ಏನಿದೆ ಎಂದುಕೊಂಡು ಸಿ.ಡಿ.ಯನ್ನು ಕಪಾಟಿನಲ್ಲಿಟ್ಟೆ. ಆಕೆ ಹೋಗಿ ಚಪ್ಪಲಿ ಬಿಟ್ಟು ಬಂದಳು.

ಆದ್ದರಿಂದ ಸೋಮವಾರದ ಪುಟದಲ್ಲಿ ‘ಧೈರ್ಯವಾಗಲಿಲ್ಲ’ ಎಂದು ಬರೆದದ್ದೂ ಪೂರ್ತಿ ನಿಜವಲ್ಲ. ಆಕೆ ಇದ್ದ ಒಂದು ವರ್ಷದಲ್ಲಿ ಅದನ್ನು ಕೇಳಲು ಧೈರ್ಯ ಬೇಕಿರಲಿಲ್ಲ.

೧೨ ಫೆಬ್ರವರಿ, ಮಂಗಳವಾರ

ಅಂಗಡಿಯಿಂದ ಸುದ್ದಿಯಿಲ್ಲ. ಹಳೆಯ ತಟ್ಟೆಯಾದ್ದರಿಂದ ಬಹಳ ನಿಧಾನವಾಗಿ, ಒಂದೇ ಜಾಗವನ್ನು ಮತ್ತೆ ಮತ್ತೆ ಓದಿಸಬೇಕಂತೆ.

ದಿನಸಿ ತರಲು ಹೋಗಿದ್ದೆ. ಗಲ್ಲಾಪೆಟ್ಟಿಗೆಯ ಬಳಿಯ ಹೆಣ್ಣುಮಗಳು ಸೋಪಿನ ಪೊಟ್ಟಣವನ್ನು ಕೆಂಪು ಗೆರೆಯ ಮುಂದೆ ಹಿಡಿದಳು, ಕುಂಯ್ ಎಂದಿತು. ಪಕ್ಕದ ಮನೆಯಲ್ಲಿ ಗೋಡೆಗೆ ಟೈಲ್ಸ್ ಕೂರಿಸುವ ಮೇಸ್ತ್ರಿ ದಾರ ಕಟ್ಟುವುದನ್ನು ಬಿಟ್ಟು ಪುಟ್ಟ ಪೆಟ್ಟಿಗೆಯೊಂದನ್ನು ನೆಲದ ಮೇಲಿಟ್ಟಿದ್ದಾನೆ. ಅದು ಕೋಣೆಯ ಉದ್ದಕ್ಕೂ ಹಸಿರು ಗೆರೆ ಎಳೆದು ನಿಂತಿದೆ. ಎಷ್ಟು ದೂರ ಹೋದರೂ ಹರಡದೆ, ಬಾಗದೆ ಇರುವ ಬೆಳಕು. ಈ ಎಲ್ಲ ಉಪಯೋಗಗಳನ್ನು ನನ್ನ ಪಾಠದಲ್ಲಿ ಕ್ರಮಸಂಖ್ಯೆ ಹಾಕಿ ಕೊಟ್ಟಿದ್ದೆ: ಉಕ್ಕು ಕತ್ತರಿಸಲು, ದೂರ ಅಳೆಯಲು, ಶಸ್ತ್ರಚಿಕಿತ್ಸೆಗೆ, ದನಿ ಓದಲು. ಹದಿಮೂರು ಉಪಯೋಗಗಳು. ನನಗೆ ಬೇಕಾದದ್ದು ಒಂದೇ.

೧೫ ಫೆಬ್ರವರಿ, ಶುಕ್ರವಾರ

ನಾದಿನಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಿದ್ದೆ. ಪೊರೆ ತೆಗೆಸಿ ಎರಡು ವರ್ಷವಾಗಿದೆ. ಹೊಸ ಮಸೂರದ ಹಿಂದೆ ಮತ್ತೆ ಮಂಜು ಕಟ್ಟಿದೆ. ಕಣ್ಣಿಗೆ ಹನಿ ಹಾಕಿ ಒಂದು ಗಂಟೆ ಕೂರಿಸಿದರು. ಬಳಿಕ ವೈದ್ಯರು ಅವಳ ಗಲ್ಲವನ್ನು ಯಂತ್ರದ ಪಟ್ಟಿಯ ಮೇಲಿಡಿಸಿ, “ಅಲ್ಲಾಡಬೇಡಿ, ಮಾತೂ ಆಡಬೇಡಿ” ಎಂದರು. ಎರಡನೆಯದೇ ಅವಳಿಗೆ ಕಷ್ಟ. ಟಿಕ್, ಟಿಕ್ ಎಂದು ಇಪ್ಪತ್ತು ಸಲ ಸದ್ದಾಯಿತು. ಚರ್ಮ ಕೊಯ್ಯದೆ, ಕಣ್ಣನ್ನು ಮುಟ್ಟದೆ, ಒಳಗಿನ ಪೊರೆಯಲ್ಲಿ ಮಾತ್ರ ಲೇಸರ್‌ನಿಂದ ಕಿಂಡಿ ತೆರೆದರು.

“ಮುಗೀತಾ? ಇಷ್ಟಕ್ಕೆ ನಾನು ಮೂರು ದಿನ ಊಟ ಬಿಟ್ಟಿದ್ನಲ್ಲ” ಎಂದು ಹೊರಗೆ ಬಂದಳು. ಹನಿಯ ಪ್ರಭಾವ ಇಳಿಯುವವರೆಗೆ ಬೆಂಚಿನ ಮೇಲೆ ಕುಳಿತೆವು. “ಭಾವ, ನೀವೀಗ ಬಹಳ ಚೆನ್ನಾಗಿ ಕಾಣ್ತಿದೀರಿ. ಮೂಗೂ ಇಲ್ಲ, ಬಾಯೂ ಇಲ್ಲ, ಬರೀ ಬೆಳಕು.”

ಅವಳಿಗೆ ನನ್ನ ಮುಖ ಸರಿಯಾಗಿ ಕಾಣದಿರುವಾಗಲೇ ಹೇಳಿಬಿಡಬೇಕೆನಿಸಿತು. ಹೇಳಿದೆ. ತಾರೀಕು, ಪೆನ್ನು, ಕಪಾಟು, ಎಲ್ಲವನ್ನೂ.

ಅವಳು ಬಹಳ ಹೊತ್ತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅದು ಹನಿಯದೋ ಬೇರೆಯದೋ ನನಗೆ ತಿಳಿಯಲಿಲ್ಲ.

“ಕೇಳಲೇ ಇಲ್ವಾ ನೀವು?”

“ಇಲ್ಲ.”

“ಅಕ್ಕ ಮಾರನೇ ದಿನ ನಮ್ಮನೆಗೆ ಬಂದಿದ್ದಳು. ಏನಂದರು ಭಾವ ಅಂತ ಕೇಳಿದೆ. ‘ಪೂರ್ತಿ ಕೇಳಿದರು ಕಣೆ, ಎದ್ದು ಹೋಗಲಿಲ್ಲ, ಬಹಳ ಚೆನ್ನಾಗಿದೆ ಅಂದರು’ ಅಂದಳು.”

ಹಿಂದಿರುಗುವಾಗ ಅವಳು ನನ್ನ ತೋಳು ಹಿಡಿದಿದ್ದಳು. ಬೀದಿಯ ಬೆಳಕು ಚುಚ್ಚುತ್ತದೆಂದು ಹೇಳಿದಳು.

೨೦ ಫೆಬ್ರವರಿ, ಬುಧವಾರ

ಬಂತು.

ಮೂವತ್ತೆಂಟು ನಿಮಿಷಗಳಲ್ಲಿ ಮೂವತ್ತಮೂರು ನಿಮಿಷ ನಲವತ್ತು ಸೆಕೆಂಡು. ಹತ್ತೊಂಬತ್ತು ನಿಮಿಷ ಐವತ್ತು ಸೆಕೆಂಡಿನಿಂದ ಇಪ್ಪತ್ನಾಲ್ಕು ನಿಮಿಷ ಹತ್ತು ಸೆಕೆಂಡಿನವರೆಗೆ ಏನೂ ಇಲ್ಲ. ನನ್ನ ಏಳು ಅಲ್ಲಿ ಕುಳಿತಿದೆ.

“ಆ ಖಾಲಿ ಜಾಗವನ್ನ ಕತ್ತರಿಸಿ ಎರಡು ತುದಿಗಳನ್ನ ಸೇರಿಸಿಬಿಡ್ಲಾ ಸಾರ್? ಹೊಲಿಗೆ ಗೊತ್ತೇ ಆಗಲ್ಲ” ಎಂದಳು ಡಾಕ್ಟ್ರಮ್ಮ.

“ಬೇಡಮ್ಮ. ಎಷ್ಟು ಹೋಗಿದೆಯೋ ಅಷ್ಟು ಖಾಲಿಯಾಗಿಯೇ ಇರಲಿ.”

“ಇಲ್ಲಾಂದ್ರೆ ನೀವೇ ಓದಿಕೊಡಿ. ಪಾಠ ನಿಮ್ಮದೇ ಅಲ್ವಾ? ನಿಮ್ಮ ದನೀನ ಅಲ್ಲಿ ಕೂರಿಸ್ತೀನಿ.”

ಅದು ಯುಕ್ತವಾಗಿ ತೋರಿತು. ಆಕೆಯ ದನಿ ಹೋದರೂ ಮಾತುಗಳು ಹೋಗಿಲ್ಲ, ಹಸ್ತಪ್ರತಿ ನನ್ನಲ್ಲಿದೆ. ಅಂಗಡಿಯಿಂದ ಹೊರಡುವಾಗ ಬಾಲ್‌ಪೆನ್ನಿನ ಮೇಷ್ಟ್ರು ಯಾರೆಂಬುದನ್ನು ಅವಳಿಗೆ ಹೇಳಿದೆ. ಅವಳು ತಲೆ ತಗ್ಗಿಸಿ, “ಆವತ್ತೇ ಗೊತ್ತಾಯ್ತು ಸಾರ್. ರಸೀದಿಗೆ ಸಹಿ ಹಾಕಿ ಕೆಳಗೆ ಫೋನ್ ನಂಬರ್ ಬರೆದಿರಲ್ಲ, ಅದರಲ್ಲೂ ಅದೇ ಏಳು” ಎಂದಳು.

೨೪ ಫೆಬ್ರವರಿ, ಭಾನುವಾರ

ಡಾಕ್ಟ್ರಮ್ಮ ಹೊಸ ಸಿ.ಡಿ.ಗೆ ಇಳಿಸಿಕೊಟ್ಟದ್ದನ್ನು ನಾದಿನಿಯೂ ನಾನೂ ಪ್ಲೇಯರಿನಲ್ಲಿ ಕೇಳಿದೆವು. ನಾನು ಹಸ್ತಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು, ಖಾಲಿ ಭಾಗದ ಆದಿ ಅಂತ್ಯಗಳನ್ನು ಗುರುತು ಮಾಡಲು ಕೆಂಪು ಪೆನ್ಸಿಲನ್ನು ಹಿಡಿದಿದ್ದೆ.

ಮೊದಲು ಕುರ್ಚಿ ಎಳೆದ ಸದ್ದು. ಬಳಿಕ ಆಕೆ ಉಸಿರು ತೆಗೆದುಕೊಂಡಳು. ವಾಕ್ಯಕ್ಕೆ ಮುಂಚೆ ಹಾಗೆ, ನೀರಿಗೆ ಇಳಿಯುವವರ ಹಾಗೆ, ಉಸಿರು ತೆಗೆದುಕೊಳ್ಳುತ್ತಿದ್ದಳು. ನನಗೆ ಮರೆತೇಹೋಗಿತ್ತು. ದನಿ ನಾನು ಅಂದುಕೊಂಡಿದ್ದಕ್ಕಿಂತ ದಪ್ಪ. ವಾಕ್ಯದ ಕೊನೆಗೆ ಬಂದಾಗ, ಕೇಳುವವರು ಎದುರಿಗೇ ಕುಳಿತಿದ್ದಾರೆಂಬಂತೆ, ಸ್ವಲ್ಪ ತಡೆಯುತ್ತಾಳೆ. ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಅಕ್ಕನೇ, ಅಕ್ಕನೇ” ಎಂದಳು, ಬೇರೆ ಯಾರಾದರೂ ಇರಬಹುದೆಂಬ ಅನುಮಾನ ಅಲ್ಲಿಯವರೆಗೆ ಇದ್ದಂತೆ.

ಮೂರನೆಯ ಪುಟಕ್ಕೆ ಬರುವ ಹೊತ್ತಿಗೆ ನಾನು ಐದು ಕಡೆ ಪೆನ್ಸಿಲ್ ಗುರುತು ಹಾಕಿದ್ದೆ. ಆಕೆ ನನ್ನ ವಾಕ್ಯಗಳನ್ನು ಓದುತ್ತಿಲ್ಲ. ‘ಒಂದನೆಯ ಚಿತ್ರವನ್ನು ನೋಡಿ’ ಎಂದು ನಾನು ಬರೆದಿದ್ದೇನೆ. ಆಕೆ, “ಬಲಗೈ ಬೆರಳುಗಳನ್ನ ಒಂದಕ್ಕೊಂದು ಅಂಟಿಸಿ ಹಿಡೀರಿ, ಈಗ ಬಿಡಿಸಿ, ವ್ಯತ್ಯಾಸ ತಿಳೀತಾ?” ಎನ್ನುತ್ತಾಳೆ. ‘ಬಣ್ಣಗಳನ್ನು ಗಮನಿಸಿ’ ಎಂದಿರುವಲ್ಲಿ ಬಣ್ಣವನ್ನೇ ಬಿಟ್ಟು, ಒಂದೇ ಸ್ವರವನ್ನು ಗುನುಗಿ ತೋರಿಸುತ್ತಾಳೆ. ಕಣ್ಣಿಲ್ಲದ ಮಕ್ಕಳಿಗಾಗಿ ಬರೆದ ಪಾಠದಲ್ಲಿ ನಾನು ಹನ್ನೊಂದು ಬಾರಿ ‘ನೋಡಿ’ ಎಂದು ಬರೆದಿದ್ದೇನೆ. ಆಕೆ ಒಂದು ಸಲವೂ ಅದನ್ನು ನನ್ನ ಮುಂದೆ ಎತ್ತಿ ಆಡಲಿಲ್ಲ. ಕುಳಿತು ಪಾಠವನ್ನೇ ಮತ್ತೆ ಕಟ್ಟಿದ್ದಾಳೆ.

ಹತ್ತೊಂಬತ್ತನೆಯ ನಿಮಿಷದಲ್ಲಿ ಪಾಠದ ಹೃದಯಕ್ಕೆ ಬಂದಳು: ಸಾಮಾನ್ಯ ಬೆಳಕು ಲೇಸರ್ ಆಗುವುದು ಹೇಗೆ ಎಂಬಲ್ಲಿಗೆ. ನನ್ನ ಪಾಠದಲ್ಲಿ ಅದಕ್ಕೆ ಎರಡು ಪುಟಗಳೂ ಒಂದು ಚಿತ್ರವೂ ಇವೆ. ಆಕೆ ಪುಟ ಮಗುಚಿದ ಸದ್ದಾಯಿತು. “ಈಗ ಒಂದು ಕೆಲಸ ಮಾಡೋಣ. ಎಲ್ಲರೂ” ಎಂದಳು.

ಅಲ್ಲಿಗೆ ನಿಂತಿತು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ನಾವಿಬ್ಬರೂ ಆ ಪೆಟ್ಟಿಗೆಯನ್ನೇ ನೋಡುತ್ತ ಕುಳಿತೆವು. ಮತ್ತೆ ದನಿ ಬಂದಾಗ, “ಬೆಳಕೂ ಅಷ್ಟೇ ಮಾಡೋದು” ಎನ್ನುತ್ತಿದ್ದಳು.

ಬುಧವಾರದ ಪುಟವನ್ನು ತಿದ್ದಬೇಕಾಗಿದೆ. ಮಾತುಗಳೂ ಹೋಗಿವೆ. ಅವು ನನ್ನ ಹಸ್ತಪ್ರತಿಯಲ್ಲಿಲ್ಲ. ಎಲ್ಲರೂ ಏನು?

೨೬ ಫೆಬ್ರವರಿ, ಮಂಗಳವಾರ

ಎರಡು ದಿನ ಅದೊಂದೇ ಪದ. ಸ್ನಾನ ಮಾಡುವಾಗ, ಬಟ್ಟೆ ಒಣಗಿಸುವಾಗ. ಎಲ್ಲರೂ ಕುಳಿತುಕೊಳ್ಳಿ. ಎಲ್ಲರೂ ಸುಮ್ಮನಿರಿ. ಎಲ್ಲರೂ ಹತ್ತಿರ ಬನ್ನಿ. ಆಕೆ ಏನು ಹೇಳಿರಬಹುದೆಂದು ಊಹಿಸಲು ಮೂವತ್ತೊಂದು ವರ್ಷದ ಸಂಸಾರ ನನಗೆ ಸಾಲದಾಗಿದೆ.

ಓದುಮನೆಯ ಹಳೆಯ ಕಾರ್ಯದರ್ಶಿಯನ್ನು ಹುಡುಕಿ ಹಿಡಿದೆ. ಒಂಬತ್ತನೆಯ ಪಾಠ ಎಂಟು ವಿದ್ಯಾರ್ಥಿಗಳಿಗೆ ಹೋಗಿತ್ತಂತೆ. ಐವರ ಸುಳಿವಿಲ್ಲ. ಒಬ್ಬಾಕೆ ಮನೆ ಬದಲಾಯಿಸುವಾಗ ಎಲ್ಲವನ್ನೂ ಬಿಸಾಡಿದಳಂತೆ. ಮತ್ತೊಬ್ಬನಿಗೆ ಪಾಠವೇ ನೆನಪಿಲ್ಲ. ಎಂಟನೆಯವನು ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರು. ಆಸ್ಪತ್ರೆಗೇ ಫೋನು ಮಾಡಿದೆ.

“ನಮಸ್ಕಾರ, ಯಾವ ವಿಭಾಗ ಬೇಕು?”

“ವಿಭಾಗ ಬೇಡ. ನೀವೇ ಬೇಕು.”

“ನನಗೇನೂ ಕಾಯಿಲೆ ಇಲ್ವಲ್ಲ ಸಾರ್” ಎಂದ. ಪರಿಚಯ ಹೇಳಿಕೊಂಡೆ. ಬಳಿಕ, “ಪಾಠದಮ್ಮನ ಮನೆಯವರಾ?” ಎಂದ. ಮಕ್ಕಳು ಆಕೆಗೆ ಆ ಹೆಸರಿಟ್ಟಿದ್ದು ನನಗೆ ಇಂದೇ ತಿಳಿದದ್ದು. “ಒಂದು ನಿಮಿಷ ಸಾರ್. ನಮಸ್ಕಾರ, ಯಾವ ವಿಭಾಗ? ಎಕ್ಸ್‌ರೇನಾ? ಕೊಡ್ತೀನಿ. ಹಾಂ, ಹೇಳಿ ಸಾರ್. ಒಂಬತ್ತನೇ ಪಾಠ ನನ್ನ ಹತ್ತಿರ ಇಲ್ಲ. ಹಾಸ್ಟೆಲಿನಲ್ಲಿ ದಿನಾ ಹಾಕಿ ಹಾಕಿ ಅದು ಎರಡು ವರ್ಷಕ್ಕೇ ಹೋಯ್ತು. ಆದರೆ ನನಗೆ ಬಾಯಿಗೆ ಬರತ್ತೆ.”

“‘ಎಲ್ಲರೂ’ ಎಂದ ಮೇಲೆ ಏನು ಹೇಳುತ್ತಾಳೆ?”

“ಅದು ಫೋನಿನಲ್ಲಿ ಹೇಳೋದಲ್ಲ ಸಾರ್. ಭಾನುವಾರ ನನಗೆ ರಜ. ನಾನೇ ಬರ್ತೀನಿ. ಅಮ್ಮನ ದನಿ ನನಗೂ ಕೇಳಿಸ್ತೀರಾ?”

ಭಾನುವಾರಕ್ಕೆ ಇನ್ನೂ ಐದು ದಿನ.

೧ ಮಾರ್ಚ್, ಶುಕ್ರವಾರ

ಎರಡು ದಿನ.

೩ ಮಾರ್ಚ್, ಭಾನುವಾರ

ಆಪರೇಟರು ಒಬ್ಬರೇ ಬಸ್ಸಿನಲ್ಲಿ ಬಂದರು. ಮೂವತ್ತರ ಆಸುಪಾಸಿನವರು, ಇಸ್ತ್ರಿಯ ಅಂಗಿ, ಕೈಯಲ್ಲಿ ಬಿಳಿ ಕೋಲು. ನಾದಿನಿ ಬಾಗಿಲು ತೆಗೆದು, “ಬನ್ನಿ, ಎರಡು ಮೆಟ್ಟಿಲಿದೆ” ಎಂದ ಕೂಡಲೇ ಅವರು ತಡೆದು, “ನೀವು ಅಮ್ಮನ ತಂಗಿ. ಕೊನೆ ಅಕ್ಷರ ಅವರ ಹಾಗೇ ಇಳಿಸ್ತೀರಿ” ಎಂದರು. ಅವಳು ಕಾಫಿಯ ನೆಪದಲ್ಲಿ ಒಳಗೆ ಹೋದಳು, ಬೇಗ ಬರಲಿಲ್ಲ.

ಮೂವರೂ ಮೇಜಿನ ಸುತ್ತ ಕುಳಿತೆವು. ಹಸ್ತಪ್ರತಿ ಒಳಗಿತ್ತು; ತರಬೇಕೆಂದು ಹೊಳೆಯಲಿಲ್ಲ. ಕುರ್ಚಿಯ ಸದ್ದು, ಉಸಿರು, ಮೊದಲ ವಾಕ್ಯ. ಆಪರೇಟರ ತುಟಿಗಳು ದನಿಯೊಂದಿಗೇ ಆಡತೊಡಗಿದವು. ಆಕೆ ತಡೆಯುವಲ್ಲಿ ಅವರೂ ತಡೆಯುತ್ತಿದ್ದರು. ಹತ್ತೊಂಬತ್ತನೆಯ ನಿಮಿಷಕ್ಕೆ ನಾನು ಯಂತ್ರವನ್ನು ನಿಲ್ಲಿಸಲು ಕೈ ಚಾಚಿದೆ. ಅವರಿಗೆ ಹೇಗೆ ತಿಳಿಯಿತೋ, “ಬೇಡ ಸಾರ್, ಓಡ್ತಾ ಇರಲಿ” ಎಂದರು.

“ಈಗ ಒಂದು ಕೆಲಸ ಮಾಡೋಣ. ಎಲ್ಲರೂ” ಎಂದಳು ಆಕೆ.

“ಎರಡೂ ಕೈ ಎತ್ತಿ” ಎಂದರು ಆಪರೇಟರು.

ದನಿ ಅವರದೇ, ಉಸಿರು, ನಿಲುಗಡೆ, ಕೊನೆಯಲ್ಲಿ ಇಳಿಯುವ ರೀತಿ ಆಕೆಯವು. ನಾದಿನಿ ಕೈ ಎತ್ತಿದಳು. ನಾನೂ ಎತ್ತಿದೆ. ನೆನಪಿನಲ್ಲಿ ನಿಂತಷ್ಟನ್ನು ಇಲ್ಲಿ ಬರೆದಿಡುತ್ತೇನೆ.

“ಚಪ್ಪಾಳೆ ತಟ್ಟೋದಕ್ಕೆ ಸಿದ್ಧ ಅನ್ನೋ ಹಾಗೆ ಎತ್ತಿ, ಹಾಗೇ ಹಿಡ್ಕೊಳ್ಳಿ. ಮೇಷ್ಟ್ರು ಇಲ್ಲಿ ಒಂದು ಚಿತ್ರ ಹಾಕಿದಾರೆ. ನಮಗೆ ಚಿತ್ರ ಬೇಡ, ಕೈ ಸಾಕು. ಎತ್ತಿದ ಕೈ ಎಷ್ಟು ಹೊತ್ತು ನಿಲ್ಲತ್ತೆ? ಸೋತು, ಒಬ್ಬೊಬ್ಬರದು ಒಂದೊಂದು ಹೊತ್ತಿಗೆ ತಟ್ಟಿ ಇಳಿಯತ್ತೆ. ಇಲ್ಲೊಂದು ಟಪ್, ಅಲ್ಲೊಂದು ಟಪ್. ಮನೆಯ ದೀಪದ ಬೆಳಕು ಅಂದರೆ ಅದು, ಯಾರಿಗೂ ಯಾರೂ ಕಾಯಲ್ಲ. ಈಗ ನಿಮ್ಮ ಕೈ ಇನ್ನೂ ಮೇಲಿರುವಾಗಲೇ ಪಕ್ಕದವರು ತಟ್ಟಿದರು ಅನ್ನಿ. ನಿಮ್ಮ ಕೈ ಸುಮ್ಮನಿರತ್ತಾ? ಅದೇ ಕ್ಷಣಕ್ಕೆ, ಅದೇ ಬಿರುಸಿಗೆ ತಟ್ಟಿಬಿಡತ್ತೆ. ಒಂದು ಎರಡಾಯ್ತು, ಎರಡು ನಾಲ್ಕಾಯ್ತು. ಆ ಸದ್ದು ಈ ಗೋಡೆಗೆ ಬಡಿದು ಆ ಗೋಡೆಗೆ, ಆ ಗೋಡೆಗೆ ಬಡಿದು ಈ ಗೋಡೆಗೆ. ಹೋಗ್ತಾ ಬರ್ತಾ, ಯಾರ ಕೈ ಇನ್ನೂ ಮೇಲಿದೆಯೋ ಅವರನ್ನೆಲ್ಲ ಜೊತೆಗೆ ಸೇರಿಸಿಕೊಳ್ಳತ್ತೆ. ಒಂದು ಗೋಡೆಯ ಬಾಗಿಲು ಬೆರಳಷ್ಟು ತೆರೆದಿದೆ. ಹೊರಗೆ ನಿಂತವರಿಗೆ ನೂರು ಚಪ್ಪಾಳೆ ಕೇಳಿಸಲ್ಲ. ಒಂದೇ ಕೇಳಿಸತ್ತೆ, ನೂರರಷ್ಟು ದೊಡ್ಡದು.”

ಆಪರೇಟರು ತಡೆದರು. ಆಕೆಯ ಉಸಿರು ತೆಗೆದುಕೊಂಡರು.

“ಇದು ಮೇಷ್ಟ್ರ ಪುಟದಲ್ಲಿಲ್ಲ ಮಕ್ಕಳೇ, ನಾನು ಸೇರಿಸಿದ್ದು. ಇವತ್ತು ಮನೆಗೆ ಹೋಗಿ ಅವರಿಗೂ ಕೇಳಿಸ್ತೀನಿ. ಬಯ್ದರೆ ಬಯ್ಯಿಸಿಕೊಳ್ತೀನಿ. ಅವರೂ ಒಂದು ಸಲ ಕೈ ಎತ್ತಲಿ. ಈಗ ನಾನು ತಟ್ತೀನಿ. ಕಾಯಬೇಡಿ, ಯೋಚಿಸಬೇಡಿ.”

ಆಪರೇಟರು ತಟ್ಟಿದರು. ನಾದಿನಿಯ ಚಪ್ಪಾಳೆ ಅದರೊಂದಿಗೇ ಬಿತ್ತು. ನನ್ನದು ತಡವಾಯಿತು.

ಒಂದು ಉಸಿರಿನಷ್ಟು ಹೊತ್ತು ಏನೂ ಇರಲಿಲ್ಲ. ಆಮೇಲೆ, “ಬೆಳಕೂ ಅಷ್ಟೇ ಮಾಡೋದು” ಎಂದಳು ಆಕೆ.

ಪಾಠ ಮುಂದುವರಿಯಿತು, ಹದಿಮೂರು ಉಪಯೋಗಗಳೂ ಬಂದು ಹೋದವು. ಮುಗಿದ ಮೇಲೆ ಯಾರೂ ಏಳಲಿಲ್ಲ. “ಭಾವ, ಇನ್ನೊಂದು ಸಲ ಹಾಕ್ಲಾ?” ಎಂದಳು ನಾದಿನಿ. ಆಪರೇಟರಿಗೆ ತೊಂದರೆಯಾಗದಿದ್ದರೆ ಎಂದೆ. ಅವರು ನಕ್ಕು, ಲೋಟವನ್ನು ತಡವಿ ಪಕ್ಕಕ್ಕಿಟ್ಟು, ಎರಡೂ ಕೈಗಳನ್ನು ಬಿಡುವು ಮಾಡಿಕೊಂಡರು.

“ಎಲ್ಲಿಂದ?”

“ಮೊದಲಿಂದ. ಪೂರ್ತಿ ಕೇಳೋಣ” ಎಂದೆ. ಅವಳು ಗುಂಡಿ ಒತ್ತಿದಳು. ಆ ಮಾತು ಬರಲು ಇನ್ನೂ ಹತ್ತೊಂಬತ್ತು ನಿಮಿಷ ಐವತ್ತು ಸೆಕೆಂಡುಗಳಿದ್ದವು. ನಾನು ಆಗಲೇ ಕೈ ಎತ್ತಿ ಕುಳಿತಿದ್ದೆ.

೩ ಮಾರ್ಚ್, ಭಾನುವಾರ, ಮಧ್ಯಾಹ್ನ ೧ ಗಂಟೆ ೧೫ ನಿಮಿಷ.